ಒಂದೇ ಬಟನ್ನಿನ ಗೇಮ್ ಮಾಡಿದವರು ಅನುಭವ ತಿಳಿಸಬೇಕಾಗಿ ವಿನಂತಿ

ಮಂಜುಹಾದಿ (ಚಿಕ್ಕಮಗಳೂರು):
ನಮಸ್ಕಾರ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಹೊತ್ತಿನಲ್ಲಿ, ಇಪ್ಪತ್ತು ನಿಮಿಷಕ್ಕೆ ಮುಗಿಯುವ ಚಿಕ್ಕ ಗೇಮ್ ಒಂದನ್ನು ಮಾಡುತ್ತಿದ್ದೇನೆ. ಬಟನ್ ಒಂದೇ. ಒತ್ತಿ ಹಿಡಿದರೆ ಘಾಟಿಯಲ್ಲಿ ಮಂಜು ಕವಿಯುತ್ತದೆ, ಬಿಟ್ಟರೆ ತಿಳಿಯಾಗುತ್ತದೆ. ಜೀಪು ಓಡುವುದು ಮಂಜಿನಲ್ಲಿ, ತಿರುವು ಕಾಣುವುದು ಮಂಜು ಸರಿದಾಗ. ಬಟನ್ ಬಿಡುವ ಕ್ಷಣವನ್ನು ಎಷ್ಟು ಬಿಗಿಯಾಗಿ ಲೆಕ್ಕ ಹಿಡಿಯಬೇಕು, ಇದನ್ನು ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮಾರಬೇಕೇ ಅಥವಾ ಚಿಕ್ಕ ಗೇಮ್‌ಗಳ ತಾಣವಾದ ಇಚ್.ಐಓದಲ್ಲಿ ಹಾಕಿ ಸುಮ್ಮನಿರಬೇಕೇ ಎಂಬುದನ್ನು ಮಾಡಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಬಿಎಂರಸ್ತೆ (ಹಾಸನ):
ನಾನು ಸ್ಟೀಮ್‌ನಲ್ಲಿ ಮಾರಿದವನು, ಆದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ಒಂದು ಗೇಮಿಗೆ 100 ಡಾಲರ್ ಕಟ್ಟಬೇಕು, ಮಾರಾಟ 1,000 ಡಾಲರ್ ಮುಟ್ಟಿದರೆ ಮಾತ್ರ ಅದು ವಾಪಸು ಬರುತ್ತದೆ. ನನ್ನದು ಎರಡು ವರ್ಷವಾದರೂ 150 ಡಾಲರಿನ ಆಸುಪಾಸಿನಲ್ಲೇ ನಿಂತಿದೆ. ತೆರಿಗೆಯ ಡಬ್ಲ್ಯೂ-8ಬೆನ್ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ಬರೆದು ಭಾರತ–ಅಮೆರಿಕ ತೆರಿಗೆ ಒಪ್ಪಂದದ ಭಾಗವನ್ನು ತುಂಬಿದರೆ ಅಮೆರಿಕದ ಮಾರಾಟದಲ್ಲಿ ಶೇ. 15 ಹಿಡಿಯುತ್ತಾರೆ, ತುಂಬದಿದ್ದರೆ ಶೇ. 30. ನಾನು ಅವಸರದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

ಅದಕ್ಕಿಂತ ಹೆಚ್ಚು ಉರಿದದ್ದು ರೀಫಂಡಿನ ವಿಷಯದಲ್ಲಿ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ನನ್ನ ಗೇಮ್ ಮುಗಿಯುವುದೇ 35 ನಿಮಿಷಕ್ಕೆ. 71 ಪ್ರತಿ ಹೋದವು, 19 ತಿರುಗಿ ಬಂದವು. ಅವರಲ್ಲಿ ಒಬ್ಬರು “ಬಹಳ ಚೆನ್ನಾಗಿದೆ, ಕೊನೆಯವರೆಗೂ ಆಡಿದೆ” ಎಂದು ಬರೆದು ಹಣ ತೆಗೆದುಕೊಂಡು ಹೋದರು. ನಿಯಮ ಮೊದಲೇ ಬರೆದಿತ್ತು, ಓದದೇ ಹೋದವನು ನಾನು. ಆದರೂ ಆ ಮಾತನ್ನು ಮರೆಯಲು ಆಗಿಲ್ಲ.

ಕಾಫಿಹೂ (ಮೂಡಿಗೆರೆ):
ನಾನು ಇಚ್.ಐಓದಲ್ಲಿ ಉಚಿತವಾಗಿಯೇ ಹಾಕಿದೆ, ಅದರ ಬಗ್ಗೆ ಒಂದಿಷ್ಟೂ ಬೇಸರವಿಲ್ಲ. ಅಲ್ಲಿ ಹಣಕ್ಕೆ ಮಾರಿದರೂ ಅವರಿಗೆ ಎಷ್ಟು ಪಾಲು ಎಂಬುದನ್ನು ನಾವೇ ಇಡಬಹುದು, ಮುಟ್ಟದೇ ಬಿಟ್ಟರೆ ಶೇ. 10.

ನನ್ನ ಏಳು ತಿಂಗಳು ಹೋದದ್ದು ಒಂದೇ ಒಂದು ಜಿಗಿತಕ್ಕೆ. ಎಲೆಯಿಂದ ಎಲೆಗೆ ಹಾರುವ ಕಪ್ಪೆ, ಅಷ್ಟೇ ಗೇಮ್. ನಾನು ಆಡಿದಾಗ ಸರಿಯಾಗಿತ್ತು, ಅಮ್ಮನ ಕೈಗೆ ಕೊಟ್ಟಾಗ ಕಪ್ಪೆ ಪ್ರತಿ ಸಲವೂ ನೀರಿಗೆ ಬಿತ್ತು. “ಒತ್ತಿದೆನಲ್ಲೇ!” ಎಂದು ಅವರು ನನ್ನನ್ನೇ ಗದರಿದರು. ಹಣ್ಣು ಕುಯ್ದು ಕಪ್ಪಾಗಿದ್ದ ಅವರ ಹೆಬ್ಬೆರಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ನಿಧಾನಗತಿಯಲ್ಲಿ ನೋಡಿದೆ: ಕಪ್ಪೆ ಎಲೆಯ ಅಂಚು ದಾಟಿದ ನಾಲ್ಕೈದು ಫ್ರೇಮ್ (ತೆರೆಯ ಮೇಲೆ ಒಂದಾದ ಮೇಲೊಂದು ಮೂಡುವ ಚಿತ್ರ) ಆದ ಮೇಲೆ ಬೆರಳು ಇಳಿಯುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಅಂಚು ದಾಟಿದ ನಂತರವೂ ಆರು ಫ್ರೇಮ್, ಅಂದರೆ 100 ಮಿಲಿಸೆಕೆಂಡ್, ಜಿಗಿಯಲು ಅವಕಾಶ ಕೊಟ್ಟೆ. ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ಅಮ್ಮ ಆ ಸಂಜೆ ಅಡುಗೆಯನ್ನು ನನಗೆ ಬಿಟ್ಟು ಹನ್ನೆರಡನೆಯ ಎಲೆಯವರೆಗೆ ಹೋದರು.

ಕಟ್ಟುನಿಟ್ಟು (ಅರಸೀಕೆರೆ):
ಮೇಡಂ, ಕ್ಷಮಿಸಿ, ಇದು ಆಟಗಾರರಿಗೆ ಮಾಡುವ ಮೋಸ. ಬೀಳಬೇಕಾದ ಕಪ್ಪೆ ಬೀಳಬೇಕು. 2013ರಲ್ಲಿ ವಿಯೆಟ್ನಾಮಿನ ಡಾಂಗ್ ನುಯೆನ್ ಬಿಡುಗಡೆ ಮಾಡಿದ ಫ್ಲ್ಯಾಪಿ ಬರ್ಡ್‌ನಲ್ಲಿ ತಟ್ಟುವುದೊಂದೇ ಕೆಲಸ, ಕೊಳವೆಗೆ ತಗುಲಿದರೆ ಆಟ ಮುಗಿಯಿತು, ಜಗತ್ತೇ ಆಡಲಿಲ್ಲವೇ?

ಮೊಬೈಲಿಗೆ ಮಾಡುವವರು ಇದನ್ನೂ ಕೇಳಿಸಿಕೊಳ್ಳಿ. ಪ್ಲೇ ಸ್ಟೋರಿಗೆ ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು, ಆದರೆ ಹೊಸ ವೈಯಕ್ತಿಕ ಖಾತೆಯಾದರೆ 12 ಮಂದಿ ಟೆಸ್ಟರ್‌ಗಳು 14 ದಿನ ಬಿಡದೆ ಪಟ್ಟಿಯಲ್ಲಿರಬೇಕು. ನಾನು ಹಾಸನಾಂಬೆಯ ದರ್ಶನಕ್ಕೆ ಬಂದ ನೆಂಟರನ್ನೆಲ್ಲ ಹಿಡಿದು ಸರಿಯಾಗಿ ಹನ್ನೆರಡು ಮಂದಿಯನ್ನು ಸೇರಿಸಿದ್ದೆ. ಹನ್ನೊಂದನೆಯ ದಿನ ಅಕ್ಕನ ಮಗ “ಮಾಮ, ಬೋರಾಯ್ತು” ಎಂದು ಪಟ್ಟಿಯಿಂದ ಹೊರಬಿದ್ದ. ಮತ್ತೆ ಒಂದರಿಂದ ಎಣಿಸಿದೆ.

ಕಾಫಿಹೂ:
ಫ್ಲ್ಯಾಪಿ ಬರ್ಡ್ ಅನ್ನು 2014ರ ಫೆಬ್ರವರಿಯಲ್ಲಿ ಮಾಡಿದವರೇ ತೆಗೆದುಹಾಕಿದರು ಎಂಬುದನ್ನು ತಾವು ಬಿಟ್ಟಿರಿ. ಅಕ್ಕನ ಮಗ ಯಾಕೆ ಹೊರಬಿದ್ದ ಎಂಬುದನ್ನೂ ಸ್ವಲ್ಪ ಯೋಚಿಸಿ.

ಕಟ್ಟುನಿಟ್ಟು:
ಮನೆಯವರ ವಿಷಯ ಇಲ್ಲಿ ಬೇಡ.

ಒತ್ತಕ್ಷರ (ಹಾಸನ):
ಇಬ್ಬರೂ ಬೆರಳನ್ನೇ ಹಿಡಿದು ಕುಳಿತಿದ್ದೀರಿ, ಗೇಮಿನೊಳಗಿನ ಕನ್ನಡದ ಗತಿ ಏನು? ನಾನು ಬಳಸುತ್ತಿದ್ದ ಎಂಜಿನ್ನಿನಲ್ಲಿ, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರಿನಲ್ಲಿ, “ಮುಳ್ಳಯ್ಯನಗಿರಿ” ಎಂದು ಟೈಪಿಸಿದರೆ ತೆರೆಯ ಮೇಲೆ “ಮುಳ್‌ಳಯ್‌ಯನಗಿರಿ” ಎಂದು ಬರುತ್ತಿತ್ತು. 43 ಸಾಲುಗಳನ್ನು ಒಂದೊಂದಾಗಿ ಚಿತ್ರ ಮಾಡಿ ಅಂಟಿಸಿದೆ. ಒಂದು ಕಾಗುಣಿತ ತಪ್ಪಿದರೂ ಚಿತ್ರವನ್ನು ಮತ್ತೆ ಬರೆಯಬೇಕಿತ್ತು. 2023ರ ಮಾರ್ಚಿನಲ್ಲಿ ಬಂದ ಗೋಡೋ 4 ಎಂಬ ಎಂಜಿನ್ನಿನಲ್ಲಿ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಇರುವುದರಿಂದ ಒತ್ತುಗಳು ಸರಿಯಾಗಿ ಕೂರುತ್ತವೆ ಎಂದು ತಿಳಿದಾಗ ನನ್ನ ಮಳೆಗಾಲ ಪೂರ್ತಿ ಕಳೆದುಹೋಗಿತ್ತು.

ಬಿಎಂರಸ್ತೆ:
ಒಂದೇ ಬಟನ್ನಿನ ಗೇಮಿಗೆ 43 ಸಾಲು ಮಾತು ಯಾಕೆ ಬೇಕು ಸ್ವಾಮಿ? 2009ರ ಕ್ಯಾನಬಾಲ್ಟ್‌ನಲ್ಲಿ ಓಡುವುದು, ಹಾರುವುದು, ಅಷ್ಟರಲ್ಲೇ ಎಲ್ಲವೂ ತಿಳಿಯುತ್ತಿತ್ತು.

ಒತ್ತಕ್ಷರ:
ಯಾಕೆಂದರೆ ನನ್ನ ಗೇಮ್ ನಮ್ಮಜ್ಜಿಯ ಮಾತು. ಅಲ್ಲಿ ಬಟನ್ ಇರುವುದು ಹೂಂಗುಟ್ಟುವುದಕ್ಕೆ.

ಕಾಫಿಹೂ:
ಇದು ಚೆನ್ನಾಗಿದೆ, ಕೊಂಡಿ ಕಳುಹಿಸಿ. ಕಟ್ಟುನಿಟ್ಟು ಅವರೇ, ತಮ್ಮ ಗೇಮಿನದ್ದೂ ಕೊಡಿ, ಅಮ್ಮನಿಗೆ ಆಡಿಸುತ್ತೇನೆ.

ಮಂಜುಹಾದಿ:
ಎಲ್ಲರಿಗೂ ಧನ್ಯವಾದಗಳು. ನಾನು ಕೇಳಿದ್ದು ಒತ್ತುವುದರ ಬಗ್ಗೆ ಅಲ್ಲ, ಬಿಡುವುದರ ಬಗ್ಗೆ. ಬೆರಳು ಎತ್ತುವುದು ತಡವಾಗಿ ಜೀಪು ತಿರುವಿನಲ್ಲಿ ಕೆಳಗಿಳಿದರೆ ಅಲ್ಲಿಯೂ ಆರು ಫ್ರೇಮ್ ಸಾಕಾಗುತ್ತದೆಯೇ?

ಕಟ್ಟುನಿಟ್ಟು:
ಒಂದು ಫ್ರೇಮನ್ನೂ ಕೊಡಬೇಡಿ. ನನ್ನ ಗೇಮಿನ ಕೊಂಡಿಯನ್ನು ಕರೆಂಟು ಬಂದ ಮೇಲೆ ಹಾಕುತ್ತೇನೆ.