ಫ್ರೆಂಚ್ ಭೂತಕಾಲ: ಒಂದೇ ವಾಕ್ಯದ ಹಲವು ಕ್ರಿಯೆಗಳಿಗೆ ಸಹಾಯಕ ಕ್ರಿಯಾಪದ ಒಮ್ಮೆ ಸಾಕೇ?

ಪ್ರಶ್ನೆ

ಡೆಲ್ಫ್ ಎ2 ಪರೀಕ್ಷೆಗೆ ಓದುತ್ತಿದ್ದೇನೆ. ಸಹಾಯಕ ಕ್ರಿಯಾಪದವೂ ಭೂತಕೃದಂತವೂ ಸೇರಿ ಆಗುವ ಪಾಸೆ ಕೊಂಪೋಜೆಯಲ್ಲಿ ಒಂದು ತೊಡಕು ಬಗೆಹರಿಯುತ್ತಿಲ್ಲ. ‘ಜೆ ಮಾಂಜೆ, ಬ್ಯು ಎ ದೋರ್ಮಿ’ (ಉಂಡು, ಕುಡಿದು, ನಿದ್ದೆ ಮಾಡಿದೆ) ಎಂದು ಬರೆದದ್ದನ್ನು ನಮ್ಮ ಶಿಕ್ಷಕಿ ಒಪ್ಪಿದರು. ಆದರೆ ‘ಜ ಸ್ವಿ ರಾಂತ್ರೆ, ಮಾಂಜೆ ಎ ದೋರ್ಮಿ’ (ಮನೆಗೆ ಬಂದು, ಉಂಡು, ನಿದ್ದೆ ಮಾಡಿದೆ) ಎಂಬ ವಾಕ್ಯಕ್ಕೆ ಕೆಂಪು ಗೆರೆ ಎಳೆದರು. ಎರಡರಲ್ಲೂ ಕರ್ತೃ ನಾನೇ. ಎರಡರಲ್ಲೂ ಸಹಾಯಕ ಪದ ಒಮ್ಮೆ ಮಾತ್ರ ಬಂದಿದೆ. ಹಾಗಿದ್ದರೆ ಎರಡನೆಯದು ತಪ್ಪಾದದ್ದು ಹೇಗೆ? ನಡುವೆ ‘ಅದನ್ನು’, ‘ನನ್ನನ್ನು’ ಮುಂತಾದ ಸರ್ವನಾಮಗಳು ಬಂದರೆ ಏನು ಮಾಡಬೇಕು ಎಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಸಹಾಯಕ ಪದವನ್ನು ಬಿಡಬೇಕಾದರೆ ಕರ್ತೃ ಒಂದೇ ಆಗಿದ್ದರೆ ಸಾಲದು, ಸಹಾಯಕ ಪದವೂ ಒಂದೇ ಆಗಿರಬೇಕು. ತಿನ್ನು, ಕುಡಿ, ನಿದ್ರಿಸು ಎಂಬ ಮೂರೂ ಕ್ರಿಯೆಗಳು ‘ಆವ್ವಾರ್’ (ಹೊಂದಿರು) ಎಂಬ ಸಹಾಯಕ ಪದವನ್ನು ಬಯಸುತ್ತವೆ. ಆದ್ದರಿಂದ ಮೊದಲಿಗೆ ಹೇಳಿದ ‘ಜೆ’ (‘ನಾನು’ ಎಂಬ ‘ಜ’ ಮತ್ತು ‘ಆವ್ವಾರ್’ನ ರೂಪ ಸೇರಿದ್ದು) ಮೂರಕ್ಕೂ ಸಲ್ಲುತ್ತದೆ. ‘ಮನೆಗೆ ಮರಳು’ ಎಂಬುದಾದರೋ ಹೋಗು, ಬರು, ಹುಟ್ಟು, ಸಾಯು ಮೊದಲಾದವುಗಳ ಚಿಕ್ಕ ಗುಂಪಿಗೆ ಸೇರಿ ‘ಎತ್ರ್’ (ಇರು) ಎಂಬ ಇನ್ನೊಂದು ಸಹಾಯಕ ಪದವನ್ನು ಬಯಸುತ್ತದೆ, ‘ಸ್ವಿ’ ಅದರ ರೂಪ. ನಿಮ್ಮ ವಾಕ್ಯವನ್ನು ಓದುವ ಫ್ರೆಂಚರು ‘ಸ್ವಿ’ಯನ್ನೇ ಮುಂದಿನ ಪದಕ್ಕೂ ಹಚ್ಚಿಕೊಳ್ಳುತ್ತಾರೆ, ಆಗ ಅದು ‘ಜ ಸ್ವಿ ಮಾಂಜೆ’, ಅಂದರೆ ‘ನಾನು ತಿನ್ನಲ್ಪಟ್ಟಿದ್ದೇನೆ’ ಎಂಬ ಕರ್ಮಣಿ ಪ್ರಯೋಗವಾಗಿಬಿಡುತ್ತದೆ. ‘ಜ ಸ್ವಿ ರಾಂತ್ರೆ, ಜೆ ಮಾಂಜೆ ಎ ದೋರ್ಮಿ’ ಎಂದರೆ ಸರಿ.

ಈ ತಪ್ಪು ಕನ್ನಡಿಗರಿಗೆ ಸಹಜವಾಗಿಯೇ ಬರುತ್ತದೆ ಎಂದು ನನ್ನ ಭಾವನೆ. ‘ಬಂದು, ಉಂಡು, ಮಲಗಿದ್ದೇನೆ’ ಎನ್ನುವಾಗ ನಮ್ಮ ಕೃದಂತಾವ್ಯಯಗಳು ತಮ್ಮಷ್ಟಕ್ಕೆ ತಾವೇ ಹಿಂದುಮುಂದನ್ನು ಸೂಚಿಸುತ್ತವೆ, ಕೊನೆಯಲ್ಲಿ ಬರುವ ಒಂದು ‘ಇದ್ದೇನೆ’ ಇಡೀ ಸರಪಳಿಯನ್ನು ಹೊರುತ್ತದೆ. ಬಂದದ್ದೋ ಉಂಡದ್ದೋ ಎಂದು ಅದು ಭೇದ ಮಾಡುವುದಿಲ್ಲ. ಫ್ರೆಂಚಿನ ಭೂತಕೃದಂತಕ್ಕೆ ಆ ಸ್ವಾತಂತ್ರ್ಯವಿಲ್ಲ, ತನಗೆ ಒಪ್ಪುವ ಸಹಾಯಕ ಪದ ಹಿಂದೆ ಇಲ್ಲದಿದ್ದರೆ ಅದು ನಿಲ್ಲಲಾರದು.

ಬಿಡಬಹುದಾದ ಕಡೆಯೂ ಬಿಡಲೇಬೇಕೆಂಬ ನಿಯಮವಿಲ್ಲ. ಸೀಸರನ ‘ವೇನಿ, ವಿದಿ, ವಿಚಿ’ (ಬಂದೆ, ಕಂಡೆ, ಗೆದ್ದೆ) ಎಂಬ ಲ್ಯಾಟಿನ್ ಮಾತನ್ನು ಫ್ರೆಂಚರು ‘ಜ ಸ್ವಿ ವನ್ಯು, ಜೆ ವ್ಯು, ಜೆ ವ್ಯಾಂಕ್ಯು’ ಎನ್ನುತ್ತಾರೆ. ಬಂದದ್ದರಿಂದ ಕಂಡದ್ದಕ್ಕೆ ಹೋಗುವಾಗ ಸಹಾಯಕ ಪದ ಬದಲಾಗಲೇಬೇಕು. ಗೆದ್ದದ್ದರ ಹಿಂದಿನ ‘ಜೆ’ಯನ್ನು ವ್ಯಾಕರಣದ ಮಟ್ಟಿಗೆ ಬಿಡಬಹುದಿತ್ತಾದರೂ ಪೆಟ್ಟಿನ ಮೇಲೆ ಪೆಟ್ಟು ಬೀಳುವಂತಹ ಲಯಕ್ಕಾಗಿ ಅದನ್ನು ಉಳಿಸಿಕೊಂಡಿದ್ದಾರೆ.

ಎರಡನೆಯ ಉತ್ತರ

ಮೇಲಿನ ವಿವರಣೆ ಸರಿಯಾಗಿದೆ. ಸರ್ವನಾಮದ ಪ್ರಶ್ನೆ ಉಳಿದಿರುವುದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ‘ಜ ಲೆ ಲಾವೆ ಎ ರಪಾಸೆ’ (ಅದನ್ನು ಒಗೆದು ಇಸ್ತ್ರಿ ಮಾಡಿದೆ) ಎಂಬಲ್ಲಿ ‘ಅದನ್ನು’ ಎರಡು ಕ್ರಿಯೆಗಳಿಗೂ ನೇರ ಕರ್ಮ, ಹಾಗಾಗಿ ಒಮ್ಮೆ ಹೇಳಿದರೆ ಸಾಕು. ಆದರೆ ‘ಅವನು ನನ್ನನ್ನು ನೋಡಿದ, ನನ್ನೊಡನೆ ಮಾತಾಡಿದ’ ಎನ್ನಲು ‘ಇಲ್ ಮಾ ವ್ಯು ಎ ಮಾ ಪಾರ್ಲೆ’ ಎಂದು ‘ಮಾ’ವನ್ನು (ಸರ್ವನಾಮ ‘ಮ’ ಮತ್ತು ‘ಆವ್ವಾರ್’ನ ರೂಪ ಸೇರಿದ್ದು) ಮತ್ತೆ ಬರೆಯಬೇಕು. ಎರಡೂ ಕಡೆ ರೂಪ ಒಂದೇ ಆದರೂ ನೋಡುವುದಕ್ಕೆ ಅದು ನೇರ ಕರ್ಮ, ಮಾತಾಡುವುದಕ್ಕೆ ಅಲ್ಲ. ಫ್ರೆಂಚ್ ಮುಚ್ಚಿಡುವ ಈ ವ್ಯತ್ಯಾಸವನ್ನು ಕನ್ನಡದ ವಿಭಕ್ತಿಗಳು ಬಿಡಿಸಿ ತೋರಿಸುತ್ತವೆ. ಆದ್ದರಿಂದ ಅನುಮಾನ ಬಂದಾಗ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದು ‘ಅನ್ನು’ ಎರಡೂ ಕಡೆ ಬರುತ್ತದೆಯೇ ಎಂದು ನೋಡಿಕೊಳ್ಳುವುದು ಹೆಚ್ಚಿನ ಕಡೆ ಉಪಯೋಗಕ್ಕೆ ಬರುತ್ತದೆ.

ಸಹಾಯಕ ಪದ ಒಂದೇ ಆಗಿದ್ದೂ ಬಿಡಲಾಗದ ಸಂದರ್ಭವೊಂದಿದೆ. ‘ಜ ಸ್ವಿ ತೋಂಬೆ ಎ ಮ ಸ್ವಿ ಕಾಸೆ ಲಾ ಜಾಂಬ್’ (ಬಿದ್ದು ಕಾಲು ಮುರಿದುಕೊಂಡೆ) ಎಂಬಲ್ಲಿ ಎರಡೂ ‘ಎತ್ರ್’ ಕ್ರಿಯೆಗಳೇ. ಆದರೆ ನಮ್ಮ ‘ಕೊಂಡೆ’ಯ ಕೆಲಸ ಮಾಡುವ ‘ಮ’ ಎರಡನೆಯದಕ್ಕೆ ಮಾತ್ರ ಬೇಕಾದ್ದರಿಂದ ‘ಸ್ವಿ’ಯೂ ಅದರೊಡನೆ ಮರಳಿ ಬರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕಾರನ್ನು ಒಳಗೆ ತಂದೆ ಎನ್ನಲು ಅದೇ ‘ರಾಂತ್ರೆ’ಗೆ ‘ಆವ್ವಾರ್’ ಬರುತ್ತದೆ ಎಂದು ಓದಿದ್ದೇನೆ. ಹಾಗಾದರೆ ‘ಜ ಸ್ವಿ ರಾಂತ್ರೆ, ಜೆ ರಾಂತ್ರೆ ಲಾ ವ್ವಾತ್ಯುರ್, ಮಾಂಜೆ ಎ ದೋರ್ಮಿ’ ಎನ್ನಬಹುದೇ?

ಮೊದಲ ಉತ್ತರ ಬರೆದವರು

ಖಂಡಿತ ಬರೆಯಬಹುದು. ಕರ್ಮ ಬಂದೊಡನೆ ಆ ಕ್ರಿಯೆ ‘ಆವ್ವಾರ್’ ಕಡೆಗೆ ದಾಟುವುದರಿಂದ ಕೊನೆಯ ಮೂರು ಕ್ರಿಯೆಗಳು ಒಂದೇ ‘ಜೆ’ಯ ಆಸರೆಯಲ್ಲಿ ನಿಲ್ಲುತ್ತವೆ. ಬರವಣಿಗೆಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ಕಿವಿಗೆ ಎರಡು ‘ರಾಂತ್ರೆ’ಗಳೂ ಒಂದೇ ಆದರೂ, ನೀವು ಸ್ತ್ರೀಯಾಗಿದ್ದರೆ ಮೊದಲನೆಯದರ ಕೊನೆಗೆ ಸ್ತ್ರೀಲಿಂಗದ ‘ಇ’ ಅಕ್ಷರವೊಂದು ಸೇರಬೇಕು. ಎರಡನೆಯದಕ್ಕಾಗಲಿ ‘ಮಾಂಜೆ’ಗಾಗಲಿ ಅದನ್ನು ಸೇರಿಸಬಾರದು.