ಸ್ಥಳೀಯ ಸರ್ಕಾರಕ್ಕೆ ಬಲ ಕೊಡಿ ಅನ್ನೋನು ಲಿಬರ್ಟೇರಿಯನ್ ಹೇಗಾಗ್ತಾನೆ?

ಪ್ರಶ್ನೆ: ನಾನು ಲಿಬರ್ಟೇರಿಯನ್, ಅಂದ್ರೆ ವ್ಯಕ್ತಿಯ ಸ್ವಾತಂತ್ರ್ಯವೇ ದೊಡ್ಡದು, ಸರ್ಕಾರದ ಕೈ ಆದಷ್ಟು ಚಿಕ್ಕದಿರಲಿ ಅನ್ನೋನು. ಅಧಿಕಾರ ಊರಿನ ಮಟ್ಟಕ್ಕೆ ಇಳಿದಷ್ಟೂ ಒಳ್ಳೆಯದು ಅಂತ ವಾದಿಸ್ತೀನಿ. ತತ್ವಕ್ಕೆ ಹೊಂದುತ್ತಾ?

ಉತ್ತರ 1: ಹೊಂದುತ್ತೆ. ಪುರಸಭೆ ಕಾಟ ಕೊಟ್ಟರೆ ಪಕ್ಕದೂರಿಗೆ ಹೋಗಬಹುದು. ದೇಶ ಬಿಡೋದು ಅಷ್ಟು ಸುಲಭವಾ?

ಉತ್ತರ 2: ಮನೆ ಹೊತ್ಕೊಂಡು ಹೋಗೋಕಾಗುತ್ತಾ ಸ್ವಾಮಿ? ಅಮೆರಿಕದ ನ್ಯೂ ಲಂಡನ್ ನಗರ ಅಭಿವೃದ್ಧಿ ಹೆಸರಲ್ಲಿ ಜನರ ಮನೆಗಳನ್ನೇ ಕಿತ್ಕೊಂಡಿತು. 2005ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅದು ಸರಿ ಅಂದುಬಿಡ್ತು. (ಆಮೇಲೆ ಆ ಯೋಜನೆಯೇ ನೆಲ ಕಚ್ಚಿತು, ಅದು ಬೇರೆ ಮಾತು.) ಸ್ವಿಟ್ಜರ್‌ಲೆಂಡಿನ ಅಪೆನ್‌ಜೆಲ್ ಇನ್ನರ್‌ರೋಡನ್ ಕ್ಯಾಂಟನ್‌ನಲ್ಲಿ (ಕ್ಯಾಂಟನ್ ಅಂದ್ರೆ ಅಲ್ಲಿನ ರಾಜ್ಯ) ಹೆಂಗಸರಿಗೆ ಸ್ಥಳೀಯ ಮತದ ಹಕ್ಕು ಸಿಕ್ಕಿದ್ದು 1990ರಲ್ಲಿ, ಅದೂ ಒಕ್ಕೂಟದ ನ್ಯಾಯಾಲಯ ಹೇಳಿದ ಮೇಲೆ.

ಪ್ರಶ್ನೆ ಕೇಳಿದವನು: ಹಾಗಾದ್ರೆ ರಸ್ತೆ, ತೆರಿಗೆ ಊರಿಗಿರಲಿ. ಆಸ್ತಿ, ಮತದ ಹಕ್ಕಿಗೆ ಸಂವಿಧಾನದ ಬೇಲಿ ಸಾಕಲ್ವಾ?

ಉತ್ತರ 2: ಬೇಲಿ ಕಾಯೋದು ಮತ್ತೆ ಕೇಂದ್ರದ ಕೋರ್ಟೇ ತಾನೆ? ಅದಕ್ಕೆ ಒಪ್ತೀರಾ ಹೇಳಿ.