ಎರಡೂವರೆ ವರ್ಷದ ಮಗು ಜೊತೆ ಉಡುಪಿಯಿಂದ ಗೋಕರ್ಣಕ್ಕೆ ಕಾರಲ್ಲಿ: ಎಲ್ಲೆಲ್ಲಿ ನಿಲ್ಲಿಸೋದು?

ಪ್ರಶ್ನೆ
ಡಿಸೆಂಬರ್ ಕೊನೆಗೆ ನಾವಿಬ್ಬರು, ಮಗಳು, ಅತ್ತೆ ಹೊರಟಿದ್ದೇವೆ. ಮರವಂತೆ, ಮುರ್ಡೇಶ್ವರ, ಓಂ ಬೀಚ್ ಮೂರೂ ನೋಡಬೇಕು. ಒಂದೇ ದಿನಕ್ಕೆ ಆಗುತ್ತಾ? ಚೈಲ್ಡ್ ಸೀಟ್ ಯಾವ ಕಡೆ ಹಾಕೋದು? ಮಗಳಿಗೆ ಕಾರಲ್ಲಿ ವಾಂತಿ ಬೇರೆ.

ಉತ್ತರ 1
ದೂರ ಸುಮಾರು 180 ಕಿ.ಮೀ. ನಕ್ಷೆ ನಾಲ್ಕು ಗಂಟೆ ಅಂದರೂ ಮಗು ಇದ್ದಾಗ ಆರು ಅಂತ ಹಿಡಿಯಿರಿ. ಮುರ್ಡೇಶ್ವರದಲ್ಲಿ ಒಂದು ರಾತ್ರಿ ಉಳಿಯಿರಿ, ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿರುತ್ತದೆ.

ಸೀಟ್ ಹಿಂದುಗಡೆ, ಎಡಕ್ಕೆ. ಉತ್ತರಕ್ಕೆ ಹೋಗುವಾಗ ಸಮುದ್ರ ನಿಮ್ಮ ಎಡಗಡೆಯೇ ಇರುತ್ತದೆ. ಹಾಗಾಗಿ ಮರವಂತೆಯಲ್ಲಿ ಹೆದ್ದಾರಿ ದಾಟದೆ, ವಾಹನ ಬರುವ ಕಡೆ ಬಾಗಿಲು ತೆರೆಯದೆ ಮಗುವನ್ನು ಇಳಿಸಬಹುದು. ವಾಪಸ್ ಬರುವಾಗ ನಿಮ್ಮ ಬದಿಗೆ ಸಿಗೋದು ಸೌಪರ್ಣಿಕಾ ನದಿ, ಕಡಲಲ್ಲ. ಆದ್ದರಿಂದ ಮರವಂತೆಯನ್ನು ಹೋಗುವಾಗಲೇ ಮುಗಿಸಿ. ಒಂದೇ ತೊಡಕು: ಮಧ್ಯಾಹ್ನದ ಮೇಲೆ ಪಡುವಣ ಬಿಸಿಲು ನೇರ ಆ ಕಿಟಕಿಗೇ ಹೊಡೆಯುತ್ತದೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಆ ತಾಪತ್ರಯ ಇಲ್ಲ.

ಸೀಟ್ ಕಟ್ಟಿದ ಮೇಲೆ, ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ ನೋಡಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಬೇಕು. ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದಾಗ ಮಡಿಕೆ ಸಿಗಬಾರದು. ಬೆಳಗಿನ ಚಳಿಗೆ ಹಾಕಿದ ದಪ್ಪ ಸ್ವೆಟರ್ ಮೇಲೆ ಬಿಗಿದರೆ ಪಟ್ಟಿ ಬಿಗಿಯಾದಂತೆ ಕಾಣುತ್ತದೆ ಅಷ್ಟೇ, ಒಳಗೆ ಸಡಿಲವೇ. ಸ್ವೆಟರ್ ಬಿಚ್ಚಿ ಪಟ್ಟಿ ಹಾಕಿ, ಮೇಲೆ ಹೊದಿಸಿ. ಮಗು ಅತ್ತರೂ ಚಲಿಸುವ ಕಾರಲ್ಲಿ ಅಜ್ಜಿ ತೊಡೆ ಮೇಲೆ ಕೂರಿಸಬೇಡಿ, ಗಾಡಿ ನಿಲ್ಲಿಸಿ.

ಉತ್ತರ 2
ಮರವಂತೆ ನೋಡೋಕೆ ಚಂದ, ನೀರಿಗಿಳಿಯೋಕಲ್ಲ. ದಂಡೆಗೆ ದೊಡ್ಡ ಬಂಡೆ ಸುರಿದಿದ್ದಾರೆ, ಸಂದಿಯಲ್ಲಿ ಪುಟ್ಟ ಕಾಲು ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಮರಳಾಟ ಬೇಕಾದರೆ ಹೊನ್ನಾವರದ ಶರಾವತಿ ಸೇತುವೆಗೆ ಮೊದಲೇ ಸಿಗುವ ಕಾಸರಕೋಡಿಗೆ ಹೋಗಿ. ಬ್ಲೂ ಫ್ಲಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಬೀಚ್, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇವೆ. ನನ್ನ ಮಟ್ಟಿಗೆ ಈ ದಾರಿಯಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನಿಲುಗಡೆ ಇಲ್ಲ.

ಓಂ ಬೀಚ್‌ಗೆ ಪಾರ್ಕಿಂಗ್‌ನಿಂದ ಮೆಟ್ಟಿಲಿಳಿಯಬೇಕು. ಸ್ಟ್ರಾಲರ್ ಕಾರಲ್ಲೇ ಇರಲಿ, ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ. ಅತ್ತೆಗೆ ಮಂಡಿನೋವು ಇದ್ದರೆ ಗೋಕರ್ಣ ಊರಿನ ಸಮತಟ್ಟು ಬೀಚೇ ಸಾಕು. ಓಂನ ಕಪ್ಪು ಬಂಡೆಗಳಿಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕುಯ್ಯುತ್ತದೆ, ಪಾಚಿ ಬೇರೆ ಜಾರುತ್ತದೆ. ಮಗುವಿಗೆ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಇಳಿತದ ಹೊತ್ತಲ್ಲಿ ಬಂಡೆಯಾಚೆ ನಡೆದು ಹೋದವರು ಉಬ್ಬರ ಬಂದಾಗ ಅಲ್ಲೇ ಸಿಕ್ಕಿಬೀಳುತ್ತಾರೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ಇನ್ನೂ ಮೇಲೇರುತ್ತದೆ.

ಉತ್ತರ 3
ವಾಂತಿಗೆ: ಹೊರಡುವ ಮುಂಚೆ ಹೊಟ್ಟೆ ತುಂಬಿಸಬೇಡಿ, ಖಾಲಿಯೂ ಬಿಡಬೇಡಿ. ಒಂದು ಇಡ್ಲಿ ಅಥವಾ ನೀರ್ದೋಸೆ ಸಾಕು. ದಾರಿಯಲ್ಲಿ ಬನ್ಸ್ ಆಸೆ ತೋರಿಸಬೇಡಿ, ಎಣ್ಣೆ ಮತ್ತು ಸಿಹಿ ಎರಡೂ ಸೇರಿ ಕೆಡಿಸುತ್ತದೆ. ಫೋನ್ ಕೊಡಲೇಬೇಡಿ: ಕಣ್ಣು ಪರದೆ ಮೇಲೆ ನಿಂತಿರುತ್ತದೆ, ಒಳಕಿವಿ ಚಲನೆ ಹೇಳುತ್ತಿರುತ್ತದೆ, ಹೊಟ್ಟೆ ತೊಳಸೋದು ಅದರಿಂದಲೇ. ಹೆದ್ದಾರಿಯಲ್ಲಿ ತೊಂದರೆ ಕಡಿಮೆ, ಮಾದನಗೇರಿಯಲ್ಲಿ ಗೋಕರ್ಣಕ್ಕೆ ತಿರುಗಿದ ಮೇಲೆ ನಿಧಾನವಾಗಿ ಓಡಿಸಿ. ಮಾತ್ರೆ, ಸಿರಪ್ ಏನಿದ್ದರೂ ಮಕ್ಕಳ ಡಾಕ್ಟರನ್ನು ಕೇಳಿಯೇ. ಓಆರ್‌ಎಸ್ ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ, ಲೋಟಕ್ಕೆ ಅಂದಾಜಲ್ಲಿ ಸುರಿಯಬಾರದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಮುರ್ಡೇಶ್ವರದ ಗೋಪುರದ ಲಿಫ್ಟಿಗೆ ಮಗು ಕರೆದುಕೊಂಡು ಹೋಗಬಹುದೇ?

ಉತ್ತರ 1
ಹೋಗಬಹುದು. ಡಿಸೆಂಬರ್ ಕೊನೆ ಅಂದರೆ ರಜೆ ಜನಜಂಗುಳಿ, ಸಾಲು ಉದ್ದ ಇರುತ್ತದೆ. ಹಿಂದಿನ ರಾತ್ರಿ ಅಲ್ಲೇ ಉಳಿದಿರುತ್ತೀರಲ್ಲ, ಬೆಳಿಗ್ಗೆ ಲಿಫ್ಟ್ ಶುರುವಾದ ಕೂಡಲೇ ಹತ್ತಿ ಬಂದು, ಹತ್ತು ಗಂಟೆಯೊಳಗೆ ಕಾಸರಕೋಡಿಗೆ ಹೊರಡಿ. ಹನ್ನೊಂದರ ಮೇಲೆ ಮರಳು ಮಗುವಿನ ಕಾಲಿಗೆ ಸುಡುತ್ತದೆ.